‘ಏನಾದರೂ ಬೇಕಿದ್ದರೆ ಹೇಳಿ’ ಎನ್ನುವವರಿಗೆ ಏನೆಂದು ಹೇಳುವುದು?

ಎಚ್ಚರದ ರಾತ್ರಿ (ಸೋಮವಾರ, ನಸುಕಿನ 2:40)

ಎಲ್ಲರಿಗೂ ನಮಸ್ಕಾರ. ಇಲ್ಲಿಯ ಚರ್ಚೆಗಳನ್ನು ಬಹಳ ದಿನಗಳಿಂದ ಓದುತ್ತಿದ್ದೇನೆ; ಬರೆಯುತ್ತಿರುವುದು ಇದೇ ಮೊದಲು.

ನಾಲ್ಕು ತಿಂಗಳ ಹಿಂದೆ ನನ್ನ ತಂದೆಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ಅರ್ಧಕ್ಕರ್ಧ ಹೋಯಿತು. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಅವರ ಮಗ್ಗುಲು ಬದಲಿಸಬೇಕು. ನುಂಗುವುದು ಕಷ್ಟವಾದ್ದರಿಂದ ನೆಟ್ಟಗೆ ಕೂರಿಸಿ, ಒಂದೊಂದೇ ತುತ್ತು ಗಂಟಲಿಳಿಯಿತೇ ಎಂದು ನೋಡುತ್ತ ಉಣಿಸಬೇಕು. ದಿನಕ್ಕೆರಡು ಸಲ ಕೈಕಾಲುಗಳಿಗೆ ವ್ಯಾಯಾಮ ಮಾಡಿಸಬೇಕು. ನಾನು ಕಚೇರಿಯಲ್ಲಿರುವಷ್ಟು ಹೊತ್ತು ಒಬ್ಬ ಸಹಾಯಕಿ ಇರುತ್ತಾರೆ. ಸಂಜೆ ಆರರಿಂದ ಬೆಳಗ್ಗೆ ಎಂಟರವರೆಗೆ, ಮತ್ತು ರಜೆಯ ದಿನಗಳಲ್ಲಿ ಪೂರ್ತಿಯಾಗಿ, ನಾನೊಬ್ಬಳೇ. ಮನೆಯಲ್ಲಿ ನನ್ನ ಹನ್ನೊಂದು ವರ್ಷದ ಮಗಳೂ ಇದ್ದಾಳೆ. ಅವಳು ಈಚೆಗೆ ನನ್ನನ್ನು ಏನನ್ನೂ ಕೇಳುವುದಿಲ್ಲ ಎಂಬುದನ್ನು ಗಮನಿಸಿದ್ದೇನೆ, ಮತ್ತು ಅದು ನನ್ನನ್ನು ಬೇರೆಲ್ಲಕ್ಕಿಂತ ಹೆಚ್ಚು ಕಾಡುತ್ತಿದೆ.

ಊಟದ ಮೇಜಿನ ಒಂದು ಮೂಲೆಯಲ್ಲಿ ಒಡೆಯದ ಲಕೋಟೆಗಳ ರಾಶಿಯಿದೆ. ಬ್ಯಾಂಕಿನದು, ವಿಮೆಯದು, ಆಸ್ಪತ್ರೆಯದು, ಮಗಳ ಶಾಲೆಯದು. ಎಲ್ಲಕ್ಕಿಂತ ಕೆಳಗಿನ ಲಕೋಟೆಯ ಮೇಲೆ ಲೋಟದ ತಳದ ಗುರುತು ದುಂಡಗೆ ಮೂಡಿದೆ. ಅದನ್ನು ಒಡೆಯಲು ಎರಡು ನಿಮಿಷ ಸಾಕು ಎಂದು ನನಗೆ ಗೊತ್ತಿದೆ. ಆದರೂ ಆರು ವಾರಗಳಿಂದ ಅದರ ಪಕ್ಕದಲ್ಲೇ ತಟ್ಟೆಯಿಟ್ಟುಕೊಂಡು ಉಣ್ಣುತ್ತಿದ್ದೇನೆ.

ನನ್ನ ಪ್ರಶ್ನೆ ಇಷ್ಟೇ. ಕಚೇರಿಯಲ್ಲಿ, ನೆರೆಯಲ್ಲಿ, ನೆಂಟರಲ್ಲಿ ಎಲ್ಲರೂ ‘ಏನಾದರೂ ಬೇಕಿದ್ದರೆ ಹೇಳಿ’ ಎನ್ನುತ್ತಾರೆ. ಅವರು ಬಾಯಿಮಾತಿಗೆ ಹೇಳುತ್ತಿದ್ದಾರೆಂದು ನನಗೆ ಅನ್ನಿಸುವುದಿಲ್ಲ. ಆದರೆ ನನ್ನ ಬಾಯಿಯಿಂದ ಬರುವುದು ಮಾತ್ರ ‘ಪರವಾಗಿಲ್ಲ, ಹೇಗೋ ನಡೆಯುತ್ತಿದೆ’ ಎಂಬ ಒಂದೇ ಉತ್ತರ. ಒಮ್ಮೆ ಧೈರ್ಯ ಮಾಡಿ ಕುಟುಂಬದವರ ವಾಟ್ಸಾಪ್ ಗುಂಪಿನಲ್ಲಿ ‘ಸ್ವಲ್ಪ ಕಷ್ಟವಾಗುತ್ತಿದೆ, ಯಾರಾದರೂ ಬಂದು ಹೋಗುವಂತಿದ್ದರೆ ಒಳ್ಳೆಯದಿತ್ತು’ ಎಂದು ಬರೆದೆ. ಇಪ್ಪತ್ತಮೂರು ಜನರಿರುವ ಆ ಗುಂಪಿನಲ್ಲಿ ಒಂಬತ್ತು ಜನ ಕೈಮುಗಿದ ಚಿತ್ರ ಹಾಕಿದರು. ಬಂದವರು ಯಾರೂ ಇಲ್ಲ. ತಮ್ಮನಿಗೆ ಒಂದು ಸಂದೇಶ ಬರೆದು ಅಳಿಸುವುದು ಈ ರಾತ್ರಿಗೆ ಹನ್ನೊಂದನೆಯ ಸಲ. ಸಹಾಯ ಕೇಳುವುದನ್ನು ನೀವು ಹೇಗೆ ಕಲಿತಿರಿ? ಕೇಳಿದ ಮೇಲೆ, ಪಡೆಯುವುದನ್ನು ಹೇಗೆ ಕಲಿತಿರಿ?

ನಿವೃತ್ತ ಶುಶ್ರೂಷಕಿ (ಸೋಮವಾರ, ಬೆಳಗ್ಗೆ 6:15)

ತಾಯಿ, ಮೊದಲು ಒಂದು ಮಾತು. ನೀವು ವಿವರಿಸಿರುವುದು ಒಬ್ಬರ ಕೆಲಸವಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಇದೇ ಆರೈಕೆಯನ್ನು ದಿನಕ್ಕೆ ಮೂರು ಪಾಳಿಗಳಲ್ಲಿ ಬೇರೆಬೇರೆಯವರು ಮಾಡುತ್ತಿದ್ದೆವು, ಪಾಳಿ ಮುಗಿದ ಮೇಲೆ ಮನೆಗೆ ಹೋಗಿ ಮಲಗುತ್ತಿದ್ದೆವು. ಹಾಗಿದ್ದೂ ನಮಗೆ ಸುಸ್ತಾಗುತ್ತಿತ್ತು. ನೀವು ನಾಲ್ಕು ತಿಂಗಳಿಂದ ಪಾಳಿ ಬದಲಾಗದ ವಾರ್ಡಿನಲ್ಲಿದ್ದೀರಿ. ಕೈಲಾಗುತ್ತಿಲ್ಲ ಎಂದು ಅನ್ನಿಸುತ್ತಿರುವುದು ನಿಮ್ಮ ದೌರ್ಬಲ್ಯವಲ್ಲ, ಲೆಕ್ಕವೇ ಹಾಗಿದೆ.

‘ಏನು ಬೇಕು’ ಎಂದು ಕೇಳಿದಾಗ ಉತ್ತರ ಹೊಳೆಯದಿರುವುದಕ್ಕೆ ಸಂಕೋಚವೊಂದೇ ಕಾರಣವಲ್ಲ. ನಿದ್ದೆಗೆಟ್ಟ ತಲೆಗೆ ಆ ಪ್ರಶ್ನೆಯೇ ಹೊಸದೊಂದು ಕೆಲಸ. ಯಾರಿಗೆ ಯಾವುದನ್ನು ವಹಿಸಬೇಕು, ಯಾವುದನ್ನು ವಹಿಸಬಾರದು, ವಹಿಸಿದರೆ ಹೇಗೆ ತಿಳಿಸಿಕೊಡಬೇಕು ಎಂದೆಲ್ಲ ಯೋಚಿಸುವ ಬದಲು ‘ಪರವಾಗಿಲ್ಲ’ ಎನ್ನುವುದು ಸುಲಭ. ಆದ್ದರಿಂದ ಉತ್ತರವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಈ ವಾರ ಒಂದು ಹಾಳೆಯನ್ನು ಗೋಡೆಗೆ ಅಂಟಿಸಿ, ಕೈಗೆ ಬಂದ ಪ್ರತಿಯೊಂದು ಕೆಲಸವನ್ನೂ ಅದು ಬಂದ ಗಳಿಗೆಯಲ್ಲೇ ಬರೆಯುತ್ತ ಹೋಗಿ. ಔಷಧಿ ತರುವುದು, ಹೊದಿಕೆ ಒಗೆಯುವುದು, ಮಗಳನ್ನು ಶಾಲೆಯಿಂದ ಕರೆತರುವುದು, ವಿಮೆಯವರಿಗೆ ಫೋನ್ ಮಾಡುವುದು. ವಾರದ ಕೊನೆಗೆ, ನಿಮ್ಮಿಂದ ಮಾತ್ರ ಆಗುವ ಕೆಲಸಗಳ ಕೆಳಗೆ ಗೆರೆ ಎಳೆಯಿರಿ. ಗೆರೆಯಿಲ್ಲದವು ಎಷ್ಟಿವೆ ಎಂದು ಆಗ ನೋಡಿ. ನಾನು ಕಂಡ ಮನೆಗಳಲ್ಲೆಲ್ಲ ಅವೇ ಹೆಚ್ಚಾಗಿದ್ದವು.

ತಂದೆಯವರ ಮೈಗೆ ಸಂಬಂಧಿಸಿದ ಕೆಲಸಗಳನ್ನು ಬೇರೆಯವರಿಗೆ ಬಿಡಲು ಭಯವಾಗುವುದು ಸಹಜ. ಮಗ್ಗುಲು ಬದಲಿಸುವುದನ್ನೂ ಉಣಿಸುವುದನ್ನೂ ಹೊಸಬರಿಗೆ ಬಾಯಲ್ಲಿ ಹೇಳಬೇಡಿ, ಒಮ್ಮೆ ನೀವು ಮಾಡಿ ತೋರಿಸಿ, ಇನ್ನೊಮ್ಮೆ ನಿಮ್ಮೆದುರೇ ಅವರಿಂದ ಮಾಡಿಸಿ. ಆಮೇಲೆ ಕೋಣೆಯಿಂದ ಹೊರಗೆ ಬನ್ನಿ. ಈ ಕೊನೆಯ ಭಾಗವೇ ಎಲ್ಲರಿಗೂ ಕಷ್ಟವಾಗುವುದು.

ಹಳೆಯ ಋಣ (ಸೋಮವಾರ, ಬೆಳಗ್ಗೆ 9:30)

ಇಲ್ಲಿ ಎಲ್ಲರೂ ‘ಕೇಳಿ, ಕೇಳಿ’ ಎನ್ನುವ ಮೊದಲು ಒಂದು ಮಾತನ್ನು ದಾಖಲಿಸಬೇಕೆನಿಸಿತು. ಅಳದಿದ್ದರೆ ತಾಯಿಯೂ ಹಾಲು ಕೊಡಳು ಎಂಬ ಗಾದೆಯನ್ನು ಇಂಥ ಸಂದರ್ಭದಲ್ಲಿ ತುಂಬ ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಕೇಳಿ ಕೆಟ್ಟವರೂ ಇದ್ದಾರೆ. ನನ್ನ ಓದಿಗೆ ಹತ್ತಿರದ ಬಂಧುವೊಬ್ಬರು ಎರಡು ವರ್ಷ ನೆರವಾದರು. ಆ ಹಣವನ್ನು ನಾನು ಪೂರ್ತಿ ಹಿಂತಿರುಗಿಸಿದೆ. ಹಾಗಿದ್ದೂ ಮುಂದಿನ ಇಪ್ಪತ್ತು ವರ್ಷ, ಮದುವೆ ಮನೆಯಿರಲಿ, ಸಾವಿನ ಮನೆಯಿರಲಿ, ನಾಲ್ಕು ಜನ ಸೇರಿದಲ್ಲೆಲ್ಲ ‘ಇವನನ್ನು ಓದಿಸಿದವನು ನಾನು’ ಎಂಬ ಮಾತು ನನ್ನ ತಲೆಯ ಮೇಲೆ ತೂಗುತ್ತಲೇ ಇತ್ತು.

ನಮ್ಮ ನುಡಿಯಲ್ಲಿ ‘ಹಂಗು’ ಎಂಬ ಪದವಿದೆ. ಸಹಾಯ ಕೇಳಲು ಹೋದವನ ಗಂಟಲು ಹಿಡಿಯುವುದು ನಾಚಿಕೆಯಲ್ಲ, ಹಂಗು. ಇನ್ನೊಬ್ಬರ ಹಂಗಿನಲ್ಲಿ ಬಿದ್ದರೆ ಅವರೆದುರು ‘ಇಲ್ಲ’ ಎನ್ನುವ ಸ್ವಾತಂತ್ರ್ಯ ಹೋಗುತ್ತದೆ ಎಂಬ ಅಳುಕು. ಇದನ್ನು ಮೊಂಡುತನವೆಂದೋ ಅಹಂಕಾರವೆಂದೋ ತಳ್ಳಿಹಾಕುವುದು ತಪ್ಪು. ಅದು ಅನುಭವದಿಂದ ಬಂದ ಎಚ್ಚರ.

ಆದರೂ ವಯಸ್ಸಾದಂತೆ ನನಗೆ ಇನ್ನೊಂದು ವಿಷಯ ತಿಳಿಯಿತು. ಹಂಗಿಗೂ ಋಣಕ್ಕೂ ವ್ಯತ್ಯಾಸವಿದೆ. ಹಂಗಿನಲ್ಲಿ ಕೊಟ್ಟವನು ಲೆಕ್ಕ ಇಟ್ಟಿರುತ್ತಾನೆ. ಋಣದಲ್ಲಿ ಲೆಕ್ಕ ಇಡುವವನು ಪಡೆದವನು, ಅದೂ ಸಂತೋಷದಿಂದ. ಯಾರಿಂದ ಪಡೆದರೆ ಹಂಗಾಗುತ್ತದೆ, ಯಾರಿಂದ ಪಡೆದರೆ ಋಣವಾಗಿ ಉಳಿಯುತ್ತದೆ ಎಂಬುದು ಸಾಮಾನ್ಯವಾಗಿ ನಮ್ಮ ಒಳಗಿಗೆ ಗೊತ್ತಿರುತ್ತದೆ. ಆದ್ದರಿಂದ ನನ್ನ ಸಲಹೆ ಏನೆಂದರೆ ಎಲ್ಲರನ್ನೂ ಕೇಳಬೇಡಿ. ನಿಮಗೆ ಹಿಂದೆ ಯಾವಾಗಲೋ ಏನೋ ಮಾಡಿಕೊಟ್ಟು, ಅದನ್ನು ಮತ್ತೆ ಒಮ್ಮೆಯೂ ಎತ್ತಿ ಆಡದವರು ಯಾರು ಎಂದು ನೆನಪಿಸಿಕೊಳ್ಳಿ. ಅವರನ್ನು ಮಾತ್ರ ಕೇಳಿ. ಅಂಥವರು ಇಬ್ಬರೇ ಇದ್ದರೂ ಸಾಕು.

ತರಗತಿಯ ಹೊರಗೆ (ಸೋಮವಾರ, ಮಧ್ಯಾಹ್ನ 1:05)

ನಾನು ಮನೋವಿಜ್ಞಾನ ಕಲಿಸುವವನು. ‘ಎಚ್ಚರದ ರಾತ್ರಿ’ಯವರು ಬರೆದ ಆ ಕುಟುಂಬದ ಗುಂಪಿನ ಪ್ರಸಂಗದ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ಅದರಿಂದ ಅವರ ಮನಸ್ಸಿಗೆ ಆಗಿರುವ ನೋವು ಅನಗತ್ಯವಾದದ್ದು ಎಂದು ನನಗೆ ಅನ್ನಿಸುತ್ತದೆ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಸಂಶೋಧಕರು ಒಂದು ಪ್ರಯೋಗ ನಡೆಸಿದರು. ಬೇರೆಬೇರೆ ಕೋಣೆಗಳಲ್ಲಿ ಕುಳಿತ ವಿದ್ಯಾರ್ಥಿಗಳು ಇಂಟರ್‌ಕಾಮ್ ಮೂಲಕ ಮಾತನಾಡುತ್ತಿರುವಾಗ ಅವರಲ್ಲೊಬ್ಬರಿಗೆ ಮೂರ್ಛೆ ಬಂದಂತೆ ಕೇಳಿಸುತ್ತದೆ. ಅದನ್ನು ಕೇಳಿಸಿಕೊಂಡವನು ತಾನೊಬ್ಬನೇ ಎಂದು ನಂಬಿದ್ದವರಲ್ಲಿ 85% ಜನ, ಆ ಮೂರ್ಛೆಯ ಸದ್ದು ಮುಗಿಯುವ ಮೊದಲೇ ಎದ್ದು ಹೋಗಿ ತಿಳಿಸಿದರು. ತನ್ನೊಡನೆ ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನಂಬಿದ್ದವರಲ್ಲಿ ಹಾಗೆ ಎದ್ದು ಹೋದವರು 31% ಮಾತ್ರ. ಸುಮ್ಮನೆ ಕುಳಿತವರು ಕಲ್ಲೆದೆಯವರಾಗಿರಲಿಲ್ಲ. ಹಲವರು ಕಳವಳದಿಂದ ನಡುಗುತ್ತಿದ್ದರು. ಹೊಣೆ ಹಂಚಿಹೋದಷ್ಟೂ ತೆಳುವಾಗುತ್ತದೆ. ಇಪ್ಪತ್ತಮೂರು ಜನರನ್ನು ಒಟ್ಟಿಗೆ ಕೇಳಿದರೆ ಪ್ರತಿಯೊಬ್ಬರೂ ಉಳಿದ ಇಪ್ಪತ್ತೆರಡು ಜನರನ್ನು ನೆನೆದು ನಿರಾಳವಾಗುತ್ತಾರೆ. ನಿಮ್ಮ ನೆಂಟರು ನಿಮ್ಮನ್ನು ಕೈಬಿಟ್ಟರು ಎಂದು ತೀರ್ಮಾನಿಸುವ ಮೊದಲು, ಅವರಲ್ಲಿ ಒಬ್ಬರನ್ನು ಹೆಸರು ಹಿಡಿದು ಕೇಳಿ ನೋಡಿ.

ಎರಡನೆಯದು. ಕೇಳುವವರು ತಮಗೆ ಸಿಗಬಹುದಾದ ‘ಹೂಂ’ಗಳನ್ನು ಕಡಿಮೆ ಅಂದಾಜು ಮಾಡುತ್ತಾರೆ. ಫ್ರಾನ್ಸಿಸ್ ಫ್ಲಿನ್ ಮತ್ತು ವೆನೆಸಾ ಲೇಕ್ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಭಾಗದಲ್ಲಿ, ಅಪರಿಚಿತರಿಂದ ಐದು ಪ್ರಶ್ನಾವಳಿಗಳನ್ನು ತುಂಬಿಸಿಕೊಂಡು ಬರುವ ಕೆಲಸ ಕೊಟ್ಟು, ಎಷ್ಟು ಜನರನ್ನು ಕೇಳಬೇಕಾದೀತು ಎಂದು ಮೊದಲೇ ಊಹಿಸಲು ಹೇಳಿದ್ದರು. ಊಹೆ ಸರಾಸರಿ ಸುಮಾರು 20 ಜನ; ನಿಜವಾಗಿ ಬೇಕಾದದ್ದು ಸುಮಾರು 10. ಕಾರಣ ಸರಳವಾಗಿದೆ. ಕೇಳುವವರು ತಾವು ಹೊರಿಸುತ್ತಿರುವ ಭಾರವನ್ನೇ ನೋಡುತ್ತಾರೆ. ಕೇಳಿಸಿಕೊಂಡವರಿಗೋ, ಎದುರಿಗಿರುವವರಿಗೆ ‘ಆಗುವುದಿಲ್ಲ’ ಎಂದು ಹೇಳುವುದೇ ಹೆಚ್ಚು ಕಷ್ಟ. ಮುಖ ನೋಡಿ ಕೇಳುವುದಕ್ಕೂ ಬರೆದು ಕೇಳುವುದಕ್ಕೂ ಇರುವ ಅಂತರವನ್ನು ಇದೇ ಲೇಕ್ (ಈಗ ಅವರ ಹೆಸರು ವೆನೆಸಾ ಬೋನ್ಸ್) 2017ರಲ್ಲಿ ಮಹದಿ ರೊಘಾನಿಜಾದ್ ಜೊತೆ ಪರಿಶೀಲಿಸಿದಾಗ, ಅಪರಿಚಿತರ ಮಟ್ಟಿಗೆ ಎದುರು ನಿಂತು ಕೇಳುವುದು ಇಮೇಲ್‌ಗಿಂತ 34 ಪಟ್ಟು ಫಲಕಾರಿ ಎಂದು ಕಂಡುಬಂತು. ತಮ್ಮ ಅಪರಿಚಿತನಲ್ಲ, ಆ ಅಂಕಿಯನ್ನು ಅವನಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಹನ್ನೊಂದು ಸಲ ಅಳಿಸಿದ ಸಂದೇಶಕ್ಕಿಂತ ಒಂದು ಫೋನ್ ಕರೆ ಉತ್ತಮ ಎಂದು ಹೇಳಬಲ್ಲೆ.

‘ಹಳೆಯ ಋಣ’ ಅವರ ಮಾತಿಗೂ ಸಂಶೋಧನೆಯ ಆಧಾರವಿದೆ. ನಿಯಾಲ್ ಬೋಲ್ಗರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಕೀಲರ ಪರೀಕ್ಷೆಗೆ ಓದುತ್ತಿದ್ದವರೂ ಅವರ ಸಂಗಾತಿಗಳೂ ಪ್ರತಿದಿನ ದಿನಚರಿ ತುಂಬಿದರು. ಸಂಗಾತಿ ‘ಇಂದು ನೆರವಾದೆ’ ಎಂದು ಬರೆದಿದ್ದರೂ ಓದುವವರ ಗಮನಕ್ಕೇ ಬಾರದೆ ಹೋದ ನೆರವು ಅವರ ದುಗುಡವನ್ನು ಹೆಚ್ಚು ತಗ್ಗಿಸಿತ್ತು. ಕಣ್ಣಿಗೆ ಕಾಣುವಂತೆ ಕೊಟ್ಟ ನೆರವಿಗೆ ಮನಸ್ಸು ಏನೋ ಒಂದು ಬೆಲೆ ತೆರುತ್ತಿತ್ತು. ಹಂಗು ಎಂಬ ಪದ ಅವರ ಭಾಷೆಯಲ್ಲಿ ಇದ್ದಿದ್ದರೆ ಅವರು ಅದನ್ನೇ ಬಳಸುತ್ತಿದ್ದರೇನೋ.

ಎಚ್ಚರದ ರಾತ್ರಿ (ಮಂಗಳವಾರ, ನಸುಕಿನ 3:10)

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ಗುಂಪಿನ ವಿಷಯ ತಿಳಿದು ಮನಸ್ಸು ಹಗುರವಾಯಿತು. ಹಾಳೆ ಅಂಟಿಸಿದ್ದೇನೆ, ಒಂದೇ ದಿನಕ್ಕೆ ಮೂವತ್ತೊಂದು ಸಾಲುಗಳಾದವು.

ಆದರೆ ತಮ್ಮನಿಗೆ ಫೋನ್ ಮಾಡಲು ಕೈ ಬರಲಿಲ್ಲ. ಅವನಿಗೂ ಸಂಸಾರವಿದೆ, ಸಾಲವಿದೆ. ಅಮ್ಮ ತೀರಿಕೊಂಡಾಗ ‘ಅಪ್ಪನನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ಎಲ್ಲರೆದುರು ಹೇಳಿದವಳು ನಾನೇ. ಈಗ ಆಗುವುದಿಲ್ಲ ಎಂದರೆ ಕೊಟ್ಟ ಮಾತಿಗೆ ತಪ್ಪಿದಂತಾಗುವುದಿಲ್ಲವೇ? ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಮೊನ್ನೆ ಮೆಟ್ಟಿಲು ಇಳಿಯುವಾಗ, ಇಲ್ಲಿಂದ ಬಿದ್ದು ಕಾಲು ಮುರಿದರೆ ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಬಹುದಲ್ಲ, ಯಾರೂ ಎಬ್ಬಿಸುವುದಿಲ್ಲವಲ್ಲ ಎಂದು ಅನ್ನಿಸಿತು. ಅನ್ನಿಸಿದ ಮೇಲೆ ಹೆದರಿಕೆಯಾಯಿತು.

ನಿವೃತ್ತ ಶುಶ್ರೂಷಕಿ (ಮಂಗಳವಾರ, ಬೆಳಗ್ಗೆ 5:50)

ಇದನ್ನು ಬರೆದದ್ದು ಒಳ್ಳೆಯದಾಯಿತು. ನಾನು ನೇರವಾಗಿಯೇ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಬದುಕೇ ಬೇಡ ಎನಿಸುತ್ತಿದೆಯೇ? ಪ್ರಾಣ ಕಳೆದುಕೊಳ್ಳುವ ಯೋಚನೆ ಯಾವಾಗಲಾದರೂ ಬಂದಿದೆಯೇ? ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಹಲವರು ಅಂಜುತ್ತಾರೆ, ಅದು ನಿಜವಲ್ಲ. ಕೇಳಿದರೆ ಹೇಳಿಕೊಳ್ಳಲು ದಾರಿಯಾಗುತ್ತದೆ.

ಉತ್ತರ ಹೌದೆಂದಾದರೆ ಇಲ್ಲಿ ಬರೆಯುತ್ತ ಕೂರಬೇಡಿ. ಈಗಲೇ ನಿಮ್ಮಲ್ಲಿಯ ಸಹಾಯವಾಣಿಗೋ ತುರ್ತು ಸೇವೆಗೋ ಫೋನ್ ಮಾಡಿ, ಹತ್ತಿರದವರೊಬ್ಬರನ್ನು ಎಬ್ಬಿಸಿ ಜೊತೆಗೆ ಕೂರಿಸಿಕೊಳ್ಳಿ. ಇಲ್ಲವೆಂದಾದರೂ ಈ ವಾರದೊಳಗೆ ವೈದ್ಯರನ್ನು ಕಾಣಿ, ತಂದೆಯವರಿಗಾಗಿ ಅಲ್ಲ, ನಿಮಗಾಗಿ. ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರಕ್ಕೂ ಮೀರಿ ನಡೆದಿದ್ದರೆ ಅದನ್ನು ಬರಿಯ ದಣಿವೆಂದು ಬಿಟ್ಟುಬಿಡಬಾರದು. ಅದಕ್ಕೆ ಚಿಕಿತ್ಸೆಯಿದೆ. ಮೆಟ್ಟಿಲಿನ ಮೇಲೆ ಬಂದ ಯೋಚನೆಯನ್ನು ವೈದ್ಯರಿಗೆ ಇದೇ ಮಾತುಗಳಲ್ಲಿ ಹೇಳಿ, ಮೆತ್ತಗೆ ಮಾಡಿ ಹೇಳಬೇಡಿ.

ಎಚ್ಚರದ ರಾತ್ರಿ (ಮಂಗಳವಾರ, ಬೆಳಗ್ಗೆ 7:20)

ಇಲ್ಲ ಅಮ್ಮ, ಸಾಯುವ ಯೋಚನೆ ಇಲ್ಲ. ಮಲಗಬೇಕು, ಅಷ್ಟೇ. ಆದರೆ ನೀವು ಕೇಳಿದಿರಿ ಎಂಬುದಕ್ಕೇ ಅಡುಗೆಮನೆಯಲ್ಲಿ ನಿಂತು ಅತ್ತೆ. ಗುರುವಾರಕ್ಕೆ ವೈದ್ಯರ ಭೇಟಿ ಗೊತ್ತುಮಾಡಿದ್ದೇನೆ.

ನಿಯಂತ್ರಣ ಗೋಪುರ (ಮಂಗಳವಾರ, ರಾತ್ರಿ 9:00)

ವಿಮಾನ ಸಂಚಾರ ನಿಯಂತ್ರಣದಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ಕೊಟ್ಟ ಮಾತಿನ ಬಗ್ಗೆ, ‘ಸ್ವಲ್ಪ ಕಷ್ಟವಾಗುತ್ತಿದೆ’ ಎಂಬ ನಿಮ್ಮ ಸಂದೇಶದ ಬಗ್ಗೆ ಓದಿದಾಗಿನಿಂದ ನಮ್ಮ ತರಬೇತಿಯಲ್ಲಿ ಹೇಳುತ್ತಿದ್ದ ಒಂದು ದುರಂತ ನೆನಪಾಗುತ್ತಿದೆ.

1990ರ ಜನವರಿ 25ರಂದು ಏವಿಯಾಂಕಾ 52 ಎಂಬ ವಿಮಾನ ಬೊಗೋಟಾದಿಂದ ಹೊರಟು ಮೆಡೆಯಿನ್ ಮೂಲಕ ನ್ಯೂಯಾರ್ಕಿಗೆ ಬರುತ್ತಿತ್ತು. ಹವಾಮಾನ ಕೆಟ್ಟು ವಿಮಾನಗಳ ದಟ್ಟಣೆಯಾಗಿ, ಅದನ್ನು ಆಕಾಶದಲ್ಲೇ ಮೂರು ಕಡೆ ಸುತ್ತು ಹಾಕಿಸುತ್ತ ಒಟ್ಟು 77 ನಿಮಿಷ ಕಾಯಿಸಲಾಯಿತು. ಇಂಧನ ಮುಗಿಯುತ್ತ ಬಂದಿತ್ತು. ಸಿಬ್ಬಂದಿ ತಮಗೆ ‘ಆದ್ಯತೆ’ ಬೇಕೆಂದು ಕೇಳಿದರು. ಮೊದಲ ಸಲ ಇಳಿಯಲಾಗದೆ ಮತ್ತೆ ಮೇಲೇರಿದಾಗ ಕ್ಯಾಪ್ಟನ್, ನಾವು ತುರ್ತು ಸ್ಥಿತಿಯಲ್ಲಿದ್ದೇವೆ ಎಂದು ಅವರಿಗೆ ಹೇಳು ಎಂದರು. ರೇಡಿಯೋದಲ್ಲಿ ಮಾತನಾಡುತ್ತಿದ್ದ ಸಹ ಪೈಲಟ್ ನಿಯಂತ್ರಕರು ಸೂಚಿಸಿದ ದಿಕ್ಕನ್ನು ಮೊದಲು ಪುನರುಚ್ಚರಿಸಿ, ಮತ್ತೊಮ್ಮೆ ಪ್ರಯತ್ನಿಸುತ್ತೇವೆ ಎಂದು ಹೇಳಿ, ಕೊನೆಯಲ್ಲಿ ‘ಇಂಧನ ಮುಗಿಯುತ್ತಿದೆ’ ಎಂದು ಸೇರಿಸಿದರು. ಹೇಳಿದೆಯಾ ಎಂದು ಕ್ಯಾಪ್ಟನ್ ಮತ್ತೆ ಕೇಳಿದಾಗ ಆಗಲೇ ತಿಳಿಸಿದ್ದೇನೆ ಎಂದರು. ಅವರ ಮಟ್ಟಿಗೆ ಅವರು ಹೇಳಿದ್ದರು. ಆದರೆ ಎಲ್ಲ ಕೆಲಸ ಬಿಟ್ಟು ಆ ಒಂದು ವಿಮಾನಕ್ಕೆ ದಾರಿ ಮಾಡಿಕೊಡುವಂತೆ ನಿಯಂತ್ರಕರನ್ನು ಎಚ್ಚರಿಸುವ ಪದವನ್ನು ಕೊನೆಯವರೆಗೂ ಆಡಲಿಲ್ಲ. ಎಂಜಿನ್‌ಗಳು ನಿಂತು, ಲಾಂಗ್ ಐಲೆಂಡಿನ ಕೋವ್ ನೆಕ್ ಎಂಬಲ್ಲಿ ವಿಮಾನ ಬಿತ್ತು. ಅದರಲ್ಲಿದ್ದ 158 ಜನರಲ್ಲಿ 73 ಜನ ಸತ್ತರು. ನೆಲದಲ್ಲಿದ್ದ ನಿಯಂತ್ರಕರಿಗೆ ನೆರವಾಗಲು ಮನಸ್ಸಿರಲಿಲ್ಲವೆಂದಲ್ಲ. ಅಂದು ಸಂಜೆ ಎಲ್ಲ ವಿಮಾನಗಳಿಗೂ ತಡವಾಗಿತ್ತು, ಎಲ್ಲರಿಗೂ ಬೇಗ ಇಳಿಯಬೇಕಿತ್ತು.

ನೀವು ‘ಸ್ವಲ್ಪ ಕಷ್ಟವಾಗುತ್ತಿದೆ’ ಎಂದು ಬರೆದಾಗ, ಎಲ್ಲರಿಗೂ ಒಂದಿಷ್ಟು ಕಷ್ಟ ಇದ್ದೇ ಇರುವ ಲೋಕದಲ್ಲಿ, ಓದಿದವರು ಅದನ್ನು ಹಾಗೆಯೇ ತೆಗೆದುಕೊಂಡರು. ವಿಮಾನಯಾನದಲ್ಲಿ ‘ಮೇಡೇ’ ಎಂಬ ಕರೆ ಎಲ್ಲರಿಗೂ ಗೊತ್ತು. 1923ರಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೋ ಅಧಿಕಾರಿ ಫ್ರೆಡರಿಕ್ ಮಾಕ್‌ಫೋರ್ಡ್, ‘ನನಗೆ ನೆರವಾಗಿ’ ಎಂಬ ಅರ್ಥದ ಫ್ರೆಂಚ್ ಮಾತಿನ ಉಚ್ಚಾರಣೆಯಿಂದ ಅದನ್ನು ರೂಪಿಸಿದರು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ‘ಪ್ಯಾನ್ ಪ್ಯಾನ್’ ಎಂಬ ಇನ್ನೊಂದು ಕರೆಯಿದೆ. ಪ್ರಾಣಕ್ಕೆ ತಕ್ಷಣದ ಅಪಾಯವಿಲ್ಲ, ಆದರೆ ಈಗ ಗಮನಿಸದಿದ್ದರೆ ಆಗಬಹುದು ಎಂಬುದು ಅದರ ಅರ್ಥ. ಬದುಕಿನಲ್ಲಿ ನಮಗೆ ಈ ಎರಡನೆಯ ಕರೆಯೇ ಗೊತ್ತಿಲ್ಲ. ‘ನಡೆಯುತ್ತಿದೆ’ ಎಂಬಲ್ಲಿಂದ ನೇರವಾಗಿ ಕುಸಿದು ಬೀಳುವುದಕ್ಕೆ ಹೋಗುತ್ತೇವೆ. ನೀವು ಈಗ ಇರುವುದು ಆ ನಡುವಿನ ಮೆಟ್ಟಿಲಿನಲ್ಲಿ. ಮಾತಾಡಲು ಇನ್ನೂ ಹೊತ್ತಿದೆ. ಅಂದು ತಾಯಿಯವರ ಸಾವಿನ ದಿನ ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕಾದರೆ ಆ ಮಾತಾಡಿದವರು ಮೊದಲು ಉಳಿಯಬೇಕು.

ಎಚ್ಚರದ ರಾತ್ರಿ (ಬುಧವಾರ, ರಾತ್ರಿ 10:30)

ನೇರವಾಗಿ ಫೋನ್ ಮಾಡಿದರೆ ಮಾತು ತಡವರಿಸುತ್ತದೆ ಎಂದು, ಹೇಳಬೇಕಾದದ್ದನ್ನು ಮೊದಲು ಬರೆದುಕೊಂಡೆ. ದಯವಿಟ್ಟು ನೋಡಿ ತಿದ್ದಿಕೊಡಿ.

‘ತಪ್ಪು ತಿಳಿಯಬೇಡ, ನಿನಗೆ ತೊಂದರೆ ಕೊಡಬೇಕೆಂದಲ್ಲ, ನಿನಗೂ ನೂರೆಂಟು ಕೆಲಸವಿರುತ್ತದೆ ಎಂದು ಗೊತ್ತು. ಯಾವಾಗಲಾದರೂ ಬಿಡುವಾದರೆ, ಸಾಧ್ಯವಾದರೆ ಮಾತ್ರ, ಅಪ್ಪನ ಜೊತೆ ಸ್ವಲ್ಪ ಹೊತ್ತು ಇದ್ದು ಹೋಗಬಹುದಾ? ಆಗದಿದ್ದರೂ ಪರವಾಗಿಲ್ಲ, ನಾನು ಹೇಗೋ ನೋಡಿಕೊಳ್ಳುತ್ತೇನೆ.’

ಇನ್ನೊಂದು ದಡ (ಬುಧವಾರ, ರಾತ್ರಿ 11:15)

ನಾನು ನಿಮ್ಮ ತಮ್ಮನ ಜಾಗದಲ್ಲಿ ನಿಂತಿದ್ದವನು, ಆದ್ದರಿಂದ ಆ ಕಡೆಯಿಂದ ಹೇಳುತ್ತೇನೆ. ಈ ಸಂದೇಶ ನನಗೆ ಬಂದಿದ್ದರೆ ‘ಖಂಡಿತ ಬರುತ್ತೇನೆ ಅಕ್ಕ’ ಎಂದು ಹೇಳಿ, ನಿಜವಾಗಿ ಬರಬೇಕೆಂದೇ ಅಂದುಕೊಂಡು, ಮರೆತುಬಿಡುತ್ತಿದ್ದೆ. ಇದರಲ್ಲಿ ದಿನವಿಲ್ಲ, ಗಂಟೆಯಿಲ್ಲ, ಕೊನೆಯ ಸಾಲಿನಲ್ಲಿ ನನ್ನನ್ನು ನೀವೇ ಬಿಡುಗಡೆ ಮಾಡಿದ್ದೀರಿ.

ನನ್ನ ಅಕ್ಕ ಹೀಗೆಯೇ ಎರಡು ವರ್ಷ ‘ನಡೆಯುತ್ತಿದೆ’ ಎನ್ನುತ್ತ ನಮ್ಮತ್ತೆಯವರನ್ನು ನೋಡಿಕೊಂಡಳು. ನಾನು ತಿಂಗಳಿಗೊಮ್ಮೆ ಹೋಗಿ ಅತಿಥಿಯಂತೆ ಕುರ್ಚಿಯ ಮೇಲೆ ಕುಳಿತು ಬರುತ್ತಿದ್ದೆ. ಅವಳು ಕುಸಿದು ಆಸ್ಪತ್ರೆ ಸೇರಿದ ಮೇಲೆ ಆ ಮನೆಗೆ ಹೋದಾಗ ಔಷಧಿ ಎಲ್ಲಿದೆ, ಸ್ನಾನಕ್ಕೆ ನೀರು ಎಷ್ಟು ಬಿಸಿ ಇರಬೇಕು, ರಾತ್ರಿ ದೀಪ ಆರಿಸಬೇಕೇ ಬೇಡವೇ ಎಂಬ ಒಂದು ಸಂಗತಿಯೂ ನನಗೆ ತಿಳಿದಿರಲಿಲ್ಲ. ಅವಳು ನನ್ನ ಹೊರೆ ಇಳಿಸಿದೆ ಎಂದುಕೊಂಡಿದ್ದಳು. ನನಗೆ ಮಾತ್ರ ಆ ಮನೆಯಲ್ಲಿ ನನ್ನನ್ನು ಹೊರಗೇ ಇಟ್ಟಿದ್ದರು ಎನ್ನಿಸಿತು. ಈಗಲೂ ಎನ್ನಿಸುತ್ತದೆ.

ಸಂದೇಶವನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ: ‘ನಾನು ಸೋತಿದ್ದೇನೆ. ನಾಲ್ಕು ತಿಂಗಳಿಂದ ಒಂದು ರಾತ್ರಿಯೂ ನಾಲ್ಕು ಗಂಟೆಗಿಂತ ಹೆಚ್ಚು ಮಲಗಿಲ್ಲ. ಪ್ರತಿ ಶನಿವಾರ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಅಪ್ಪನ ಜೊತೆ ನೀನಿರಬೇಕು. ಏನು ಮಾಡಬೇಕೆಂದು ಮೊದಲ ದಿನ ತೋರಿಸಿಕೊಡುತ್ತೇನೆ. ಈ ಶನಿವಾರ ಬರುತ್ತೀಯಾ?’

ಒಂದು ಬಿನ್ನಹ ಕೂಡ. ಅವನು ಬಂದು ಹೊದಿಕೆಯನ್ನು ನಿಮ್ಮಂತೆ ಮಡಿಚದಿದ್ದರೆ, ವಸ್ತುಗಳನ್ನು ಬೇರೆ ಕಡೆ ಇಟ್ಟರೆ, ತಂದೆಯವರ ಸುರಕ್ಷತೆಗೆ ಸಂಬಂಧವಿಲ್ಲದ ಯಾವುದನ್ನೇ ತನ್ನ ರೀತಿಯಲ್ಲಿ ಮಾಡಿದರೆ, ದಯವಿಟ್ಟು ಅವನೆದುರು ಅದನ್ನು ಸರಿಪಡಿಸಬೇಡಿ. ಒಂದು ಸಲ ನನ್ನ ಕೈಯಿಂದ ಮಡಿಚಿದ ಬಟ್ಟೆಯನ್ನು ತೆಗೆದುಕೊಂಡು ಅಕ್ಕ ಮತ್ತೆ ಮಡಿಚಿದಳು. ಆ ದಿನದಿಂದ ನಾನು ಬಟ್ಟೆ ಮುಟ್ಟಲಿಲ್ಲ.

ಹಳೆಯ ಋಣ (ಗುರುವಾರ, ಬೆಳಗ್ಗೆ 8:00)

‘ನಾನು ಸೋತಿದ್ದೇನೆ’ ಎಂಬ ಮೊದಲ ವಾಕ್ಯದ ಬಗ್ಗೆ ನನಗೆ ಇನ್ನೂ ಒಪ್ಪಿಗೆಯಿಲ್ಲ. ಅಷ್ಟು ಬಿಚ್ಚಿ ಹೇಳಿದರೆ ಅದನ್ನೇ ಮುಂದೆ ಆಡಿ ತೋರಿಸುವವರೂ ಇರುತ್ತಾರೆ. ದಿನ ಮತ್ತು ಗಂಟೆಯನ್ನು ಹೇಳುವುದು ಸರಿ, ಒಳಗಿನದನ್ನೆಲ್ಲ ಹೇಳಲೇಬೇಕೆಂದಿಲ್ಲ. ತಮ್ಮ ಎಂಥವನು ಎಂಬುದು ಅವರಿಗೇ ಗೊತ್ತು.

ಎಚ್ಚರದ ರಾತ್ರಿ (ಭಾನುವಾರ, ಸಂಜೆ 4:20)

ಗುರುವಾರ ವೈದ್ಯರನ್ನು ಕಂಡೆ. ಮೆಟ್ಟಿಲಿನ ವಿಷಯವನ್ನು ಇಲ್ಲಿ ಬರೆದಂತೆಯೇ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ, ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಆಪ್ತ ಸಮಾಲೋಚಕರ ಬಳಿ ಕಳುಹಿಸಿದ್ದಾರೆ. ಎರಡು ವಾರ ಬಿಟ್ಟು ಮತ್ತೆ ಬರಲು ಹೇಳಿದ್ದಾರೆ.

ಅಂದೇ ಸಂಜೆ ತಮ್ಮನಿಗೆ ಫೋನ್ ಮಾಡಿದೆ. ಬರೆದುಕೊಂಡ ಚೀಟಿ ಕೈಯಲ್ಲೇ ಇತ್ತು. ‘ಹಳೆಯ ಋಣ’ ಅವರ ಮಾತನ್ನು ಯೋಚಿಸಿದ್ದೆ. ಆದರೆ ನನ್ನ ತಮ್ಮ ಆಡಿ ತೋರಿಸುವವನಲ್ಲ ಎಂದು ಗೊತ್ತಿದ್ದುದರಿಂದ ಮೊದಲ ವಾಕ್ಯವನ್ನೂ ಓದಿದೆ. ಆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. ಆಮೇಲೆ ಅವನು, ‘ಅಕ್ಕ, ನೀನು ಎಲ್ಲ ಸರಿಯಾಗಿದೆ ಎನ್ನುತ್ತಿದ್ದೆ. ನಾನು ಬಂದರೆ ನಿನಗೆ ಇನ್ನೊಂದು ಎಲೆ ಹಾಕುವ ಕೆಲಸ ಹೆಚ್ಚಾಗುತ್ತದೆ ಎಂದು ಬರುತ್ತಿರಲಿಲ್ಲ’ ಎಂದ.

ನಿನ್ನೆ ಒಂಬತ್ತಕ್ಕೆ ಐದು ನಿಮಿಷ ಮೊದಲೇ ಬಂದ. ಮಗ್ಗುಲು ಬದಲಿಸುವುದನ್ನು ತೋರಿಸಿದೆ, ಅವನಿಂದ ಮಾಡಿಸಿದೆ. ಮೊಣಕಾಲಿನ ನಡುವೆ ಇಡಬೇಕಾದ ದಿಂಬನ್ನು ಅವನು ಬೆನ್ನಿಗೆ ಇಟ್ಟಾಗ ಅಪ್ಪ ಎಡಗೈಯಿಂದ ಅವನ ಕೈ ಹಿಡಿದು, ದಿಂಬಿನ ಮೇಲಿಟ್ಟು, ತಮ್ಮ ಮೊಣಕಾಲನ್ನು ಎರಡು ಸಲ ತಟ್ಟಿ ತೋರಿಸಿದರು. ನಾಲ್ಕು ತಿಂಗಳಲ್ಲಿ ಅಪ್ಪ ಯಾರಿಗಾದರೂ ಏನನ್ನಾದರೂ ಕಲಿಸಿದ್ದು ಅದೇ ಮೊದಲು. ನಾನು ಕೋಣೆಯಿಂದ ಹೊರಗೆ ಬಂದೆ. ಮಲಗಲು ಹೋದವಳಿಗೆ ಅರ್ಧ ಗಂಟೆ ನಿದ್ದೆ ಬರಲಿಲ್ಲ, ಕಿವಿ ಪೂರ್ತಿ ಆ ಕೋಣೆಯ ಕಡೆಗೇ ಇತ್ತು. ಆಮೇಲೆ ಕಣ್ಣು ಬಿಟ್ಟಾಗ ಗಂಟೆ ಎರಡೂ ಮುಕ್ಕಾಲು. ಅವನು ಎಬ್ಬಿಸಿರಲಿಲ್ಲ.

ಊಟದ ಮೇಜಿನ ಬಳಿ ತಮ್ಮನೂ ಮಗಳೂ ಕುಳಿತು ಲಕೋಟೆಗಳನ್ನು ವಿಂಗಡಿಸುತ್ತಿದ್ದರು. ಮಗಳು ಒಂದೊಂದನ್ನೇ ಕತ್ತರಿಯಿಂದ ಕತ್ತರಿಸಿ ಕೊಡುತ್ತಿದ್ದಳು, ಅವನು ಓದಿ ಮೂರು ಗುಂಪು ಮಾಡುತ್ತಿದ್ದ. ಲೋಟದ ಗುರುತಿದ್ದ ಲಕೋಟೆ ವಿಮೆಯವರದು. ಅವರು ಒಂದು ಸಹಿ ಕೇಳಿದ್ದರು, ಅಷ್ಟೇ. ಅವನು ಮಡಿಚಿಟ್ಟ ಹೊದಿಕೆಗಳು ನನ್ನ ಅಳತೆಗಿಂತ ಅಗಲವಾಗಿ ಕಪಾಟಿನಿಂದ ಹೊರಚಾಚಿವೆ. ಅವು ಹಾಗೆಯೇ ಇವೆ.

ಮುಂದಿನ ಶನಿವಾರವೂ ಬರುತ್ತಾನೆ. ಬುಧವಾರಗಳಂದು ಮಗಳನ್ನು ಶಾಲೆಯಿಂದ ಕರೆತರಲು ಕಚೇರಿಯ ಗೆಳತಿಯೊಬ್ಬರನ್ನು ನಾಳೆ ಎದುರಿಗೇ ಕೇಳಬೇಕೆಂದಿದ್ದೇನೆ. ‘ನಿವೃತ್ತ ಶುಶ್ರೂಷಕಿ’ಯವರೇ, ಹಾಳೆಯಲ್ಲಿ ಗೆರೆ ಎಳೆದು ಮುಗಿಯಿತು. ನನ್ನಿಂದ ಮಾತ್ರ ಆಗುವವು ಏಳು. ಅದರಲ್ಲೂ ಅಪ್ಪನಿಗೆ ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸುವುದನ್ನು ವಾರಕ್ಕೆ ಒಂದೆರಡು ದಿನವಾದರೂ ಇನ್ನೊಬ್ಬರಿಗೆ ಹೇಗೆ ವಹಿಸಬಹುದು ಎಂದು ತಿಳಿಯುತ್ತಿಲ್ಲ. ತಮಗೆ ಬಿಡುವಾದಾಗ ಹೇಳಿ. ಬಿಡುವಾದಾಗ ಅಲ್ಲ, ಇಂದು ರಾತ್ರಿ ಒಂಬತ್ತರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ, ತಮ್ಮ ಆಗ ಫೋನ್ ಮಾಡುತ್ತಾನೆ.